ಬೆಂಗಳೂರು ಜೈಲು, 1975: ಬೇಡ ಎಂದವರನ್ನು ಸುಮ್ಮನಾಗಿಸಿದ 21 ತಿಂಗಳು



ಸರ್ವಾಧಿಕಾರಿ ಎಂಬ ಪದ ಕೇಳಿದ ಕೂಡಲೇ ನಮ್ಮಂಥ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ನೆನಪಾಗುವುದು ಹಿಟ್ಲರ್, ಮುಸೊಲಿನಿ, ಸ್ಟಾಲಿನ್. ಇತಿಹಾಸದ ತರಗತಿಯಲ್ಲಿ ಇವರ ಬಗ್ಗೆ ಓದುತ್ತೇವೆ, ಪರೀಕ್ಷೆ ಬರೆಯುತ್ತೇವೆ, ಅಲ್ಲಿಗೆ ಮುಗಿಯಿತು. ಅದೆಲ್ಲ ಬೇರೆ ದೇಶದ, ಬೇರೆ ಕಾಲದ ಕಥೆ ಅನಿಸಿಬಿಡುತ್ತದೆ. ಆದರೆ ನಿಮ್ಮ ಅಜ್ಜ ಅಜ್ಜಿ 1975ರಲ್ಲಿ ಕರ್ನಾಟಕದಲ್ಲಿದ್ದರೆ, ಸರ್ಕಾರವನ್ನು ಟೀಕಿಸಿದರೆ ಜೈಲಿಗೆ ಹೋಗಬಹುದಾಗಿದ್ದ ಕಾಲವನ್ನು ಅವರು ಕಣ್ಣಾರೆ ನೋಡಿದ್ದಾರೆ. ಅದಕ್ಕೆ 'ತುರ್ತು ಪರಿಸ್ಥಿತಿ' ಎಂದು ಹೆಸರು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ, ಸುಮಾರು 21 ತಿಂಗಳು ಅದು ಭಾರತದಲ್ಲಿ ಜಾರಿಯಲ್ಲಿತ್ತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಗ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರನ್ನು ಹಿಟ್ಲರ್ ಜೊತೆ ಹೋಲಿಸುವುದು ಸರಿಯಲ್ಲ. ಸ್ಟಾಲಿನ್ ಕಾಲದಲ್ಲಿ 1937 ಮತ್ತು 1938, ಈ ಎರಡೇ ವರ್ಷಗಳಲ್ಲಿ ಆರೂವರೆ ಲಕ್ಷಕ್ಕಿಂತ ಹೆಚ್ಚು ಜನರಿಗೆ ಮರಣದಂಡನೆಯಾಯಿತು. ಭಾರತದಲ್ಲಿ ಅಂಥದ್ದು ನಡೆಯಲಿಲ್ಲ, ಕೊನೆಗೆ ಚುನಾವಣೆಯೂ ನಡೆಯಿತು. ಆದರೂ ಈ 21 ತಿಂಗಳ ಬಗ್ಗೆ ನಾವು ಓದಲೇಬೇಕು ಎಂದು ನನಗೆ ಅನಿಸುತ್ತದೆ. ಏಕೆಂದರೆ ವಿರೋಧವನ್ನು ಇಲ್ಲವಾಗಿಸುವ ಕೆಲಸ ಬಂದೂಕಿನಿಂದಲೇ ಶುರುವಾಗಬೇಕಾಗಿಲ್ಲ. ಅದು ಸಹಿ, ಸೀಲು, ಆದೇಶ, ತಿದ್ದುಪಡಿಗಳಿಂದ ಶುರುವಾಗಬಹುದು.

ಮೊದಲು ಜರ್ಮನಿಯ ಐದು ತಿಂಗಳು

ಹಿಟ್ಲರ್ ಕ್ರಾಂತಿ ಮಾಡಿ ಅಧಿಕಾರಕ್ಕೆ ಬಂದವನಲ್ಲ. 1933ರ ಜನವರಿ 30ರಂದು ಜರ್ಮನಿಯ ಅಧ್ಯಕ್ಷರೇ ಅವನನ್ನು ಚಾನ್ಸಲರ್ ಆಗಿ ನೇಮಿಸಿದರು. ಫೆಬ್ರವರಿ 27ರ ರಾತ್ರಿ ಅಲ್ಲಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 'ತುರ್ತು' ಎಂಬ ಕಾರಣ ಕೊಟ್ಟು ಒಂದು ಆದೇಶ ಹೊರಟಿತು. ಮಾತಿನ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಎಲ್ಲವೂ ಅಮಾನತಾದವು. ಸಾವಿರಾರು ಕಮ್ಯುನಿಸ್ಟರ ಬಂಧನವಾಯಿತು. ಮಾರ್ಚ್ 23ರಂದು ಸಂಸತ್ತು ತನ್ನ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರಕ್ಕೆ ಒಪ್ಪಿಸಿತು. ವಿರುದ್ಧವಾಗಿ ಬಿದ್ದದ್ದು 94 ಮತ ಮಾತ್ರ. ಜುಲೈ 14ರ ಹೊತ್ತಿಗೆ ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷ ಇರುವುದೇ ಕಾನೂನುಬಾಹಿರ ಎಂದಾಯಿತು.

ಇಲ್ಲಿ ಕ್ರಮವನ್ನು ಗಮನಿಸಿ. ಮೊದಲು ಒಂದು ಭಯ, ಆಮೇಲೆ ತುರ್ತು ಆದೇಶ, ಬಂಧನ, ಪತ್ರಿಕೆಗಳ ಬಾಯಿಮುಚ್ಚುವುದು, ಕೊನೆಗೆ ಕಾನೂನನ್ನೇ ಬದಲಾಯಿಸುವುದು. ಈ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ಈಗ ಭಾರತಕ್ಕೆ ಬರೋಣ.

ಜೂನ್ 1975ರಲ್ಲಿ ಏನಾಯಿತು?

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಒಂದು ತೀರ್ಪು ಕೊಟ್ಟರು. 1971ರಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರು ಗೆದ್ದ ಚುನಾವಣೆಯಲ್ಲಿ ಅಕ್ರಮ ನಡೆದಿದೆ, ಆದ್ದರಿಂದ ಆ ಗೆಲುವು ಅಸಿಂಧು ಎಂದು ಅದರಲ್ಲಿತ್ತು. ಪ್ರಧಾನಿ ರಾಜೀನಾಮೆ ಕೊಡಬೇಕು ಎಂದು ಜಯಪ್ರಕಾಶ ನಾರಾಯಣರ ನಾಯಕತ್ವದಲ್ಲಿ ವಿರೋಧ ಪಕ್ಷಗಳು ಒತ್ತಾಯಿಸಿದವು. ಜೂನ್ 25ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ದೊಡ್ಡ ಸಭೆ ನಡೆಯಿತು. ಕಾನೂನಿಗೆ ವಿರುದ್ಧವಾದ ಆದೇಶಗಳನ್ನು ಪಾಲಿಸಬೇಡಿ ಎಂದು ಜೆ.ಪಿ. ಪೊಲೀಸರಿಗೂ ಸೈನಿಕರಿಗೂ ಕರೆ ಕೊಟ್ಟರು. ದೇಶದಲ್ಲಿ ಅರಾಜಕತೆ ಬರುತ್ತಿದೆ, ಅದಕ್ಕೇ ಕಠಿಣ ಕ್ರಮ ಬೇಕು ಎಂದು ಸರ್ಕಾರ ಮುಂದೆ ಹೇಳಿದ್ದು ಇದನ್ನೇ ತೋರಿಸಿ.

ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಂವಿಧಾನದ 352ನೇ ವಿಧಿಯ ಪ್ರಕಾರ 'ಆಂತರಿಕ ಕ್ಷೋಭೆ' ಎಂಬ ಕಾರಣಕ್ಕೆ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಕೇಂದ್ರದ ಮಂತ್ರಿಗಳಿಗೆ ಈ ವಿಷಯ ತಿಳಿದದ್ದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ಬಂಧನಗಳು ಶುರುವಾಗಿದ್ದವು.

ಮೊದಲ ಹೆಜ್ಜೆ: ಮಾತಾಡುವವರನ್ನು ಒಳಗೆ ಹಾಕುವುದು

ಜೂನ್ 26ರಂದು ಬೆಂಗಳೂರಿನಲ್ಲಿ ನಾಲ್ವರು ಸಂಸದರ ಬಂಧನವಾಯಿತು. ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರಾ. ಅವರು ಬೆಂಗಳೂರಿಗೆ ಬಂದದ್ದು ಪ್ರತಿಭಟನೆಗಲ್ಲ. ಪಕ್ಷಾಂತರ ತಡೆಯುವ ಮಸೂದೆಯ ಬಗ್ಗೆ ಸಂಸತ್ತಿನ ಸಮಿತಿಯ ಸಭೆ ಇತ್ತು, ಅದಕ್ಕೆ ಬಂದಿದ್ದರು. ಸಂಸತ್ತಿನ ಕೆಲಸಕ್ಕೆ ಬಂದವರು ನೇರವಾಗಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹೋದರು.

ಅದೇ ಜೈಲಿಗೆ ಕರ್ನಾಟಕದ ನಾಯಕರೂ ಬಂದರು. ರಾಮಕೃಷ್ಣ ಹೆಗಡೆಯವರು ಬಂದರು. ಆಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರು ಬಂದರು. ಯೋಚಿಸಿ ನೋಡಿ: ಸರ್ಕಾರವನ್ನು ಪ್ರಶ್ನಿಸುವುದೇ ವಿರೋಧ ಪಕ್ಷದ ನಾಯಕರ ಕೆಲಸ. ಆ ಕುರ್ಚಿಯಲ್ಲಿ ಕೂರುವವರೇ ಜೈಲಿನಲ್ಲಿದ್ದರೆ ಪ್ರಶ್ನೆ ಕೇಳುವವರು ಯಾರು? ಮುಂದೆ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಯಾದರು. ವಾಜಪೇಯಿ ಮತ್ತು ದೇವೇಗೌಡರು ಇಬ್ಬರೂ 1996ರಲ್ಲಿ, ಒಬ್ಬರ ಹಿಂದೆ ಒಬ್ಬರು, ಭಾರತದ ಪ್ರಧಾನಿಯಾದರು.

ಇವರನ್ನು ಹಿಡಿಯಲು ಬಳಸಿದ ಕಾನೂನಿನ ಹೆಸರು ಮೀಸಾ. ಆಂತರಿಕ ಭದ್ರತೆಗಾಗಿ ಎಂದು 1971ರಲ್ಲಿ ಮಾಡಿದ ಕಾನೂನು ಅದು. ಅದರಡಿ ಒಬ್ಬರನ್ನು ವಿಚಾರಣೆ ಇಲ್ಲದೆ ಜೈಲಿನಲ್ಲಿಡಬಹುದಿತ್ತು. ತುರ್ತು ಪರಿಸ್ಥಿತಿ ಬಂದ ಕೆಲವೇ ದಿನಗಳಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಏಕೆ ಬಂಧಿಸಿದ್ದೇವೆ ಎಂಬ ಕಾರಣವನ್ನು ಬಂಧಿತರಿಗೆ ಹೇಳಬೇಕಾಗಿಯೂ ಇರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ ತನಿಖೆ ಮಾಡಿದ ಶಾ ಆಯೋಗದ ಲೆಕ್ಕದ ಪ್ರಕಾರ ದೇಶದಲ್ಲಿ ಮೀಸಾ ಅಡಿ ಬಂಧಿತರಾದವರು 34,988 ಜನ. ಭಾರತ ರಕ್ಷಣಾ ನಿಯಮಗಳ ಅಡಿ ಬಂಧಿತರಾದವರು 75,818 ಜನ.

ಬಂಧಿತರು ಒಂದೇ ಬಣದವರಾಗಿರಲಿಲ್ಲ. ಜುಲೈ 4ರಂದು ಸರ್ಕಾರ 26 ಸಂಘಟನೆಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಆರ್‌ಎಸ್‌ಎಸ್ ಇತ್ತು, ಜಮಾತೆ ಇಸ್ಲಾಮಿ ಇತ್ತು, ನಕ್ಸಲ್ ಗುಂಪುಗಳೂ ಇದ್ದವು. ಸಮಾಜವಾದಿಗಳು, ಜನಸಂಘದವರು, ಕಮ್ಯುನಿಸ್ಟರು, ವಿದ್ಯಾರ್ಥಿಗಳು, ಪತ್ರಕರ್ತರು ಎಲ್ಲರೂ ಜೈಲಿನಲ್ಲಿದ್ದರು. ಅವರ ವಿಚಾರಗಳು ಒಂದಕ್ಕೊಂದು ಸ್ವಲ್ಪವೂ ಹೊಂದುವಂಥವಲ್ಲ. ಅವರಲ್ಲಿದ್ದ ಸಮಾನ ಅಂಶ ಒಂದೇ, ಸರ್ಕಾರಕ್ಕೆ ಅವರು ಬೇಡವಾಗಿದ್ದರು.

ಎರಡನೇ ಹೆಜ್ಜೆ: ಸುದ್ದಿ ಹೊರಬರದಂತೆ ಮಾಡುವುದು

ಜೂನ್ 25ರ ರಾತ್ರಿಯೇ ದೆಹಲಿಯಲ್ಲಿ ಪತ್ರಿಕಾ ಕಚೇರಿಗಳು ಸಾಲಾಗಿ ಇರುವ ರಸ್ತೆಯ ವಿದ್ಯುತ್ ಕಡಿತವಾಯಿತು. ಮುದ್ರಣ ಯಂತ್ರ ಓಡದಿದ್ದರೆ ಪತ್ರಿಕೆ ಬರುವುದಿಲ್ಲ. ಆಮೇಲೆ ಸೆನ್ಸಾರ್ ಬಂತು. ಏನನ್ನು ಅಚ್ಚು ಹಾಕಬಹುದು, ಏನನ್ನು ಹಾಕಬಾರದು ಎಂದು ಅಧಿಕಾರಿಗಳು ಹೇಳತೊಡಗಿದರು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ಒಂದಕ್ಷರವೂ ಇಲ್ಲದ ಆ ಜಾಗವನ್ನು ನೋಡಿದವರಿಗೆಲ್ಲ ವಿಷಯ ಅರ್ಥವಾಯಿತು.

ಮುಂದಿನ ತಿಂಗಳುಗಳಲ್ಲಿ ಪತ್ರಿಕಾ ಮಂಡಳಿ ರದ್ದಾಯಿತು. ನಾಲ್ಕು ಸುದ್ದಿ ಸಂಸ್ಥೆಗಳನ್ನು ಸೇರಿಸಿ 'ಸಮಾಚಾರ್' ಎಂಬ ಒಂದೇ ಸಂಸ್ಥೆ ಮಾಡಿದರು. ಸಂಸತ್ತಿನಲ್ಲಿ ನಡೆದ ಮಾತನ್ನು ಪತ್ರಿಕೆಗಳು ನಿರ್ಭಯವಾಗಿ ವರದಿ ಮಾಡಲು ರಕ್ಷಣೆ ಕೊಡುತ್ತಿದ್ದ 1956ರ ಕಾನೂನನ್ನು ಕೂಡ ತೆಗೆದುಹಾಕಿದರು. ಆ ಕಾನೂನು ಬರಲು ಶ್ರಮಿಸಿದವರು ಯಾರು ಗೊತ್ತೇ? ಇಂದಿರಾ ಅವರ ಪತಿ, ಸಂಸದರಾಗಿದ್ದ ಫಿರೋಜ್ ಗಾಂಧಿ.

ಇಂಟರ್ನೆಟ್, ಮೊಬೈಲ್ ಇಲ್ಲದ ಕಾಲ ಅದು. ಮನೆಗೆ ಬರುವ ಪತ್ರಿಕೆ ಮತ್ತು ಸರ್ಕಾರದ ಕೈಯಲ್ಲಿದ್ದ ಆಕಾಶವಾಣಿ, ಇವೆರಡೇ ಹೆಚ್ಚಿನ ಮನೆಗಳಿಗೆ ಸುದ್ದಿಯ ದಾರಿ. ಅವೆರಡೂ ಒಂದೇ ಮಾತು ಹೇಳಿದರೆ, ಪಕ್ಕದ ಬೀದಿಯವರನ್ನು ಪೊಲೀಸರು ಕರೆದುಕೊಂಡು ಹೋದ ಸುದ್ದಿಯೂ ಗುಸುಗುಸು ಮಾತಾಗಿ ಮಾತ್ರ ಹರಡುತ್ತದೆ.

ಮೂರನೇ ಹೆಜ್ಜೆ: ಕಾನೂನು ಮತ್ತು ನ್ಯಾಯಾಲಯ

ಇದು ಸ್ವಲ್ಪ ಕಷ್ಟದ ಭಾಗ, ಆದರೆ ನನಗೆ ಅತಿ ಮುಖ್ಯ ಎನಿಸಿದ ಭಾಗವೂ ಇದೇ. 1975ರ ಆಗಸ್ಟ್‌ನಲ್ಲಿ ಸಂವಿಧಾನಕ್ಕೆ 39ನೇ ತಿದ್ದುಪಡಿ ತಂದು, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳು ಪ್ರಶ್ನಿಸುವಂತಿಲ್ಲ ಎಂದು ಮಾಡಿದರು. 1976ರ ಮಾರ್ಚ್‌ನಲ್ಲಿ ಆಗಬೇಕಿದ್ದ ಲೋಕಸಭಾ ಚುನಾವಣೆಯನ್ನು ಮುಂದೂಡಿದರು. 42ನೇ ತಿದ್ದುಪಡಿಯಲ್ಲಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿದರು. ವಿರೋಧ ಪಕ್ಷದ ಅನೇಕ ಸಂಸದರು ಆಗ ಜೈಲಿನಲ್ಲಿದ್ದರು ಎಂಬುದನ್ನು ಮರೆಯಬೇಡಿ.

ಜೈಲಿನಲ್ಲಿದ್ದವರಿಗೆ ಉಳಿದಿದ್ದ ಒಂದೇ ಬಾಗಿಲು ಹೇಬಿಯಸ್ ಕಾರ್ಪಸ್. ಅಂದರೆ, ಬಂಧಿಸಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ, ಯಾವ ಕಾನೂನಿನ ಪ್ರಕಾರ ಹಿಡಿದಿರಿ ಎಂದು ಹೇಳಿ ಎಂದು ಕೇಳುವ ಹಕ್ಕು. ಅಮೆರಿಕದ ಸಂವಿಧಾನದ ಮೊದಲ ವಿಧಿಯಲ್ಲೇ ಇದರ ಹೆಸರಿದೆ, ನೀವು ಶಾಲೆಯಲ್ಲಿ ಓದಿರುತ್ತೀರಿ. ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು, ತುರ್ತು ಪರಿಸ್ಥಿತಿಯಲ್ಲೂ ಬಂಧಿತರು ನ್ಯಾಯಾಲಯಕ್ಕೆ ಬರಬಹುದು ಎಂದು ಹೇಳಿದವು. 1976ರಲ್ಲಿ ದೇಶದಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು. ಅವರಲ್ಲಿ ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಇಬ್ಬರೂ ಇದ್ದರು. ಒಬ್ಬರನ್ನು ಅಲಹಾಬಾದಿಗೆ, ಇನ್ನೊಬ್ಬರನ್ನು ಗುವಾಹಟಿಗೆ ಕಳಿಸಿದರು.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರವಾಗಿ ತೀರ್ಪು ಕೊಟ್ಟರು. ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಬಂಧಿತರು ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದಾಯಿತು. ವಿಚಾರಣೆಯ ಹೊತ್ತಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಒಂದು ಪ್ರಶ್ನೆ ಕೇಳಿದ್ದರು. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರ ಇಲ್ಲವೇ ಎಂದು. ತುರ್ತು ಪರಿಸ್ಥಿತಿ ಮುಗಿಯುವವರೆಗೂ ಇಲ್ಲ ಎಂಬ ಅರ್ಥದ ಉತ್ತರ ಬಂತು. ಐವರಲ್ಲಿ ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದಾಗಿತ್ತು. ಸರ್ಕಾರ ಅವರಿಗಿಂತ ಕಿರಿಯರನ್ನು ನೇಮಿಸಿತು. ಖನ್ನಾ ರಾಜೀನಾಮೆ ಕೊಟ್ಟರು.

ಆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ತಿಳಿಯಲು ಕರ್ನಾಟಕದ ಪಕ್ಕದ ಕೇರಳವನ್ನು ನೋಡಿ. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನ ತಂದೆ ಈಚರ ವಾರಿಯರ್ ಮಗನನ್ನು ಹುಡುಕುತ್ತಾ ಒಂದು ವರ್ಷ ಅಲೆದರು. ತುರ್ತು ಪರಿಸ್ಥಿತಿ ಮುಗಿದ ಮೇಲೆಯೇ ಅವರ ಹೇಬಿಯಸ್ ಕಾರ್ಪಸ್ ಅರ್ಜಿ ಕೇರಳ ಹೈಕೋರ್ಟಿನಲ್ಲಿ ನಡೆದದ್ದು. ಮಗ ಪೊಲೀಸರ ವಶದಲ್ಲೇ ಸತ್ತಿದ್ದ ಎಂಬ ಸತ್ಯ ಆಗ ಹೊರಬಂತು. ರಾಜನ್ ನಮಗಿಂತ ಕೆಲವೇ ವರ್ಷ ದೊಡ್ಡವನು, ನಮ್ಮ ಕಾಲೇಜಿಗೆ ಹೋಗುವ ಅಣ್ಣ ಅಕ್ಕಂದಿರ ವಯಸ್ಸು.

ಸ್ನೇಹಲತಾ ರೆಡ್ಡಿ

ನೀವು 'ಸಂಸ್ಕಾರ' ಸಿನಿಮಾದ ಹೆಸರು ಕೇಳಿರಬಹುದು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯ ಮೇಲೆ 1970ರಲ್ಲಿ ಬಂದ ಕನ್ನಡ ಸಿನಿಮಾ. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಇಬ್ಬರೂ ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1974ರ ದೊಡ್ಡ ರೈಲ್ವೆ ಮುಷ್ಕರದ ನಾಯಕರು. ತುರ್ತು ಪರಿಸ್ಥಿತಿ ಬಂದ ಕೂಡಲೇ ಭೂಗತರಾದರು. ಸರ್ಕಾರದ ಕಟ್ಟಡ, ರೈಲು ಹಳಿಗಳನ್ನು ಡೈನಮೈಟ್‌ನಿಂದ ಸ್ಫೋಟಿಸಲು ಸಂಚು ಮಾಡಿದರು ಎಂಬುದು ಅವರ ಮೇಲಿನ ಆರೋಪ. ಅದನ್ನು ಬರೋಡಾ ಡೈನಮೈಟ್ ಪ್ರಕರಣ ಎನ್ನುತ್ತಾರೆ. ಅವರನ್ನು ಹಿಡಿಯಲಾಗದೆ ಪೊಲೀಸರು ಅವರ ಸುತ್ತಲಿನವರನ್ನು ಹಿಡಿದರು. 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಕರೆದೊಯ್ದು, ಅಣ್ಣ ಎಲ್ಲಿದ್ದಾನೆ ಹೇಳು ಎಂದು ಕ್ರೂರವಾಗಿ ಹಿಂಸಿಸಿದರು. ಮೇ 2ರಂದು ಸ್ನೇಹಲತಾ ಅವರ ಬಂಧನವಾಯಿತು.

ಸ್ನೇಹಲತಾ ಅವರಿಗೆ ತೀವ್ರವಾದ ಅಸ್ತಮಾ ಇತ್ತು. ಬೆಂಗಳೂರಿನ ಜೈಲಿನ ಚಿಕ್ಕ ಕೋಣೆಯಲ್ಲಿ ಅವರನ್ನು ಎಂಟು ತಿಂಗಳಿಗೂ ಹೆಚ್ಚು ಕಾಲ ಇಟ್ಟರು. ರಾತ್ರಿಯ ಮೌನದಲ್ಲಿ ಅವರು ನೋವಿನಿಂದ ಕೂಗುವುದು ತಮ್ಮ ಕೋಣೆಗೆ ಕೇಳಿಸುತ್ತಿತ್ತು ಎಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ಆಮೇಲೆ ಬರೆದಿದ್ದಾರೆ. ಅಷ್ಟು ಕಷ್ಟದಲ್ಲೂ ಅವರು ಜೈಲಿನ ಇತರ ಹೆಂಗಸರ ಪರವಾಗಿ, ಅವರನ್ನು ಹೊಡೆಯಬಾರದು, ಸರಿಯಾದ ಊಟ ಕೊಡಬೇಕು ಎಂದು ಜಗಳವಾಡಿದರು. ದಿನಚರಿ ಬರೆದಿಟ್ಟರು. ಡೈನಮೈಟ್ ಪ್ರಕರಣದ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಇತ್ತಲ್ಲ, ಅವರನ್ನು ಬಿಡಲಿಲ್ಲ.

ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಕಳಿಸಿದರು. ಜನವರಿ 18ರಂದು ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥೆ ಎಂದಿರಲಿಲ್ಲ. ಅವರನ್ನು ಕೊಲ್ಲಬೇಕು ಎಂದು ಯಾರೂ ಆದೇಶ ಬರೆದಿರಲೂ ಇಲ್ಲ. ಕೇಳುವವರು ಯಾರೂ ಇಲ್ಲದ ಜಾಗದಲ್ಲಿ ಒಬ್ಬರನ್ನು ಇಟ್ಟರೆ ಸಾಕಾಯಿತು.

ಸಾಹಿತಿಗಳಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಸರ್ಕಾರಕ್ಕೆ ಹಿಂತಿರುಗಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ನಮ್ಮ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ

ದೇಶ ಬಿಟ್ಟು ಬಂದವರು ಸುರಕ್ಷಿತರೇ? ಯಾವಾಗಲೂ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಸೂಸ್ ಗಲಿಂಡೆಸ್ ಎಂಬ ಉಪನ್ಯಾಸಕರಿದ್ದರು. ಡೊಮಿನಿಕನ್ ರಿಪಬ್ಲಿಕ್‌ನ ಸರ್ವಾಧಿಕಾರಿ ಟ್ರುಹಿಯೊ ಬಗ್ಗೆ ಸಂಶೋಧನಾ ಪ್ರಬಂಧ ಬರೆದಿದ್ದರು. 1956ರ ಮಾರ್ಚ್ 12ರಂದು ಅವರು ಮ್ಯಾನ್‌ಹಟ್ಟನ್‌ನಲ್ಲಿ ಕಾಣೆಯಾದರು, ಮತ್ತೆ ಸಿಗಲೇ ಇಲ್ಲ. ಟ್ರುಹಿಯೊನ ಜನ ಅವರನ್ನು ಅಪಹರಿಸಿ ವಿಮಾನದಲ್ಲಿ ಒಯ್ದು ಕೊಂದರು ಎಂದೇ ಇತಿಹಾಸಕಾರರು ಹೇಳುತ್ತಾರೆ.

ಭಾರತದ ತುರ್ತು ಪರಿಸ್ಥಿತಿ ಅಷ್ಟು ದೂರ ಹೋಗಲಿಲ್ಲ. ಆದರೆ ಅದರ ಕೈ ಅಮೆರಿಕದವರೆಗೆ ಚಾಚಿತ್ತು. ಇಲ್ಲಿದ್ದ ಕೆಲವು ಭಾರತೀಯರು 1975ರಲ್ಲಿ 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘಟನೆ ಕಟ್ಟಿದರು. ಅದರ ಮುಖ್ಯರಲ್ಲಿ ಒಬ್ಬರು ಆಗ ಶಿಕಾಗೋದಲ್ಲಿದ್ದ ಕನ್ನಡಿಗ ಎಸ್.ಆರ್. ಹಿರೇಮಠ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆನಂದ ಕುಮಾರ್ ಎಂಬ ವಿದ್ಯಾರ್ಥಿ ಅದರಲ್ಲಿ ಸೇರಿದ್ದಕ್ಕೆ ಭಾರತ ಸರ್ಕಾರ ಅವರ ವಿದ್ಯಾರ್ಥಿವೇತನವನ್ನೇ ನಿಲ್ಲಿಸಿತು. ಕೆಲವರ ಪಾಸ್‌ಪೋರ್ಟ್ ಮುಟ್ಟುಗೋಲಾಯಿತು. ಪರದೇಶದಲ್ಲಿರುವವರಿಗೆ ಪಾಸ್‌ಪೋರ್ಟ್ ಎಂದರೆ ಏನು ಎಂದು ಈ ಪತ್ರಿಕೆ ಓದುವ ಅಪ್ಪ ಅಮ್ಮಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಊರಿನಲ್ಲಿ ತಂದೆ ತಾಯಿಗೆ ಹುಷಾರಿಲ್ಲ ಎಂದರೂ ಹೋಗುವ ಹಾಗಿಲ್ಲ.

1976ರಲ್ಲಿ ಈ ಸಂಘಟನೆಯವರು ಫಿಲಡೆಲ್ಫಿಯಾದ ಲಿಬರ್ಟಿ ಬೆಲ್‌ನಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ಪಾದಯಾತ್ರೆ ಮಾಡಿದರು. ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ನಡೆಯಬೇಕಾದರೆ ನ್ಯೂಜೆರ್ಸಿಯನ್ನು ದಾಟಲೇಬೇಕು. ನಾವು ಕಾರಿನಲ್ಲಿ ಎರಡು ಗಂಟೆಯಲ್ಲಿ ಮುಗಿಸುವ ದಾರಿ. ಅದು ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷ ಬೇರೆ.

ನ್ಯೂಯಾರ್ಕಿನ ಇನ್ನೊಂದು ಸಂಗತಿಯೂ ಇದೆ. ಸುಪ್ರೀಂ ಕೋರ್ಟ್ ತೀರ್ಪು ಬಂದ ಎರಡೇ ದಿನಕ್ಕೆ, 1976ರ ಏಪ್ರಿಲ್ 30ರಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಖನ್ನಾ ಅವರ ಬಗ್ಗೆ ಸಂಪಾದಕೀಯ ಬರೆಯಿತು. ಭಾರತ ಮತ್ತೆ ಪ್ರಜಾಪ್ರಭುತ್ವಕ್ಕೆ ಮರಳಿದರೆ ಈ ನ್ಯಾಯಮೂರ್ತಿಗೆ ಯಾರಾದರೂ ಸ್ಮಾರಕ ಕಟ್ಟಿಯೇ ಕಟ್ಟುತ್ತಾರೆ ಎಂಬುದು ಅದರ ಸಾರ. ಸೆನ್ಸಾರ್ ಇದ್ದ ಭಾರತದಲ್ಲಿ ಇಂಥ ಸಂಪಾದಕೀಯ ಬರೆಯಲು ಸಾಧ್ಯವಿರಲಿಲ್ಲ.

ಕರ್ನಾಟಕದ ಜನ ಏನು ಹೇಳಿದರು?

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತರು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಬರಲಿಲ್ಲ. ಬಿಹಾರದ 54ರಲ್ಲೂ ಒಂದೂ ಇಲ್ಲ. ಜೈಲಿನಿಂದಲೇ ಸ್ಪರ್ಧಿಸಿದ ಜಾರ್ಜ್ ಫರ್ನಾಂಡಿಸ್ ಬಿಹಾರದ ಮುಜಫ್ಫರಪುರದಲ್ಲಿ ಭಾರಿ ಅಂತರದಿಂದ ಗೆದ್ದರು. ಕೇಂದ್ರದಲ್ಲಿ ಜನತಾ ಪಕ್ಷದ ಸರ್ಕಾರ ಬಂತು.

ಕರ್ನಾಟಕದಲ್ಲಿ? 28 ಸ್ಥಾನಗಳಲ್ಲಿ 26 ಕಾಂಗ್ರೆಸ್‌ಗೇ ಬಂದವು! ಮರುವರ್ಷ ಇಂದಿರಾ ಅವರು ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಮರಳಿದರು.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಸ್ನೇಹಲತಾ ಅವರು ಸತ್ತದ್ದು ಇದೇ ರಾಜ್ಯದಲ್ಲಿ ಅಲ್ಲವೇ? ಆದರೆ ಇದಕ್ಕೆ ಕಾರಣಗಳಿವೆ. ಮುಖ್ಯಮಂತ್ರಿ ದೇವರಾಜ ಅರಸರ ಕಾಲ ಅದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಅನೇಕ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ. 1976ರಲ್ಲಿ ದೇಶದಲ್ಲಿ ಜೀತ ಪದ್ಧತಿಯನ್ನು ಕಾನೂನು ಮಾಡಿ ರದ್ದುಪಡಿಸಿದರು. ತಲೆಮಾರುಗಳಿಂದ ಬೇರೆಯವರ ಹೊಲದಲ್ಲಿ ದುಡಿದ ಕುಟುಂಬಕ್ಕೆ ಭೂಮಿಯ ಹಕ್ಕುಪತ್ರ ಕೊಟ್ಟವರ ಮೇಲೆ ಕೃತಜ್ಞತೆ ಇರುವುದು ಸಹಜ. ಅದನ್ನು ತಪ್ಪು ಎನ್ನಲು ನನಗೆ ಹಕ್ಕಿಲ್ಲ. ಉತ್ತರ ಭಾರತದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ, ದೆಹಲಿಯ ತುರ್ಕ್‌ಮನ್ ಗೇಟ್‌ನಂಥ ಕಡೆ ಮನೆಗಳನ್ನು ಕೆಡವಿದ್ದು ಜನರ ಬದುಕನ್ನೇ ತಟ್ಟಿತ್ತು. ದಕ್ಷಿಣದಲ್ಲಿ ಆ ಬಿಸಿ ಅಷ್ಟಾಗಿ ತಟ್ಟಿರಲಿಲ್ಲ.

ಇದರಿಂದ ನಾನು ತಿಳಿದುಕೊಂಡದ್ದು ಇದು. ವಿರೋಧವನ್ನು ಅಡಗಿಸುವ ಸರ್ಕಾರವು ಎಲ್ಲರಿಗೂ ಕೆಟ್ಟದ್ದನ್ನೇ ಮಾಡಬೇಕಾಗಿಲ್ಲ. ಅದೇ ಸರ್ಕಾರ ಒಬ್ಬರಿಗೆ ಭೂಮಿ ಕೊಡಬಹುದು, ಇನ್ನೊಬ್ಬರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಬಹುದು. ಭೂಮಿ ಸಿಕ್ಕವರಿಗೆ ಜೈಲಿನ ಸುದ್ದಿ ತಲುಪುವುದಿಲ್ಲ, ಏಕೆಂದರೆ ಪತ್ರಿಕೆಯಲ್ಲಿ ಅದು ಬರುವುದಿಲ್ಲ. ಜರ್ಮನಿಯಲ್ಲೂ 1933ರ ನಂತರ ಕೆಲಸ ಸಿಕ್ಕಿತು, ರಸ್ತೆ ಬಂತು ಎಂದು ಸಂತೋಷಪಟ್ಟವರು ಬಹಳ. ಒಳ್ಳೆಯ ಕೆಲಸಕ್ಕೆ ಮೆಚ್ಚುಗೆ, ತಪ್ಪಿಗೆ ಪ್ರಶ್ನೆ, ಎರಡೂ ಒಟ್ಟಿಗೆ ಇರಬೇಕಾದರೆ ಎರಡೂ ಸುದ್ದಿ ನಮಗೆ ಸಿಗಬೇಕು.

ಬೀಗ ಮತ್ತೆ ಭದ್ರವಾದದ್ದು

1978ರ 44ನೇ ತಿದ್ದುಪಡಿಯಲ್ಲಿ 'ಆಂತರಿಕ ಕ್ಷೋಭೆ' ಎಂಬ ಪದವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಸೇರಿಸಿದರು. ಜೀವಿಸುವ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾಯಿತು. ಲೋಕಸಭೆಯ ಅವಧಿ ಮತ್ತೆ ಐದು ವರ್ಷಕ್ಕೆ ಬಂತು.

ಆದರೆ 1976ರ ಆ ತೀರ್ಪು ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅದು ಹೋದದ್ದು ಒಬ್ಬ ಕನ್ನಡಿಗರು ಹಾಕಿದ ಅರ್ಜಿಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದರ ಜೊತೆಗೇ 1976ರ ತೀರ್ಪು ತಪ್ಪು ಎಂದು ತಳ್ಳಿಹಾಕಿತು. ಹಾಗೆ ಬರೆದವರಲ್ಲಿ ಒಬ್ಬರು ಡಿ.ವೈ. ಚಂದ್ರಚೂಡ್. 1976ರಲ್ಲಿ ಸರ್ಕಾರದ ಪರ ತೀರ್ಪು ಕೊಟ್ಟ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ಮಗ! ಒಬ್ಬರೇ ನಿಂತು ಖನ್ನಾ ಬರೆದಿದ್ದ ಮಾತನ್ನು ದೇಶ ಒಪ್ಪಿಕೊಳ್ಳಲು 41 ವರ್ಷ ಬೇಕಾಯಿತು.

ಎಸ್.ಆರ್. ಹಿರೇಮಠರು ಕರ್ನಾಟಕಕ್ಕೆ ಹಿಂತಿರುಗಿ ಧಾರವಾಡದ ಕಡೆ ಕೆಲಸ ಮಾಡಿದರು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಸಮಾಜ ಪರಿವರ್ತನ ಸಮುದಾಯ ಅವರದೇ ಸಂಸ್ಥೆ.

ನೀವು ಮಾಡಬಹುದಾದ ಕೆಲಸ

1975ರಲ್ಲಿ 18 ವರ್ಷದವರಾಗಿದ್ದವರಿಗೆ ಈಗ 68 ದಾಟಿದೆ. ಆ ಕಾಲವನ್ನು ನೋಡಿದವರು ಕಡಿಮೆಯಾಗುತ್ತಿದ್ದಾರೆ. ಪುಟಾಣಿಗಳೇ, ಸ್ನೇಹಿತರೇ, ಈ ವಾರ ಊರಿಗೆ ವೀಡಿಯೊ ಕಾಲ್ ಮಾಡಿದಾಗ 'ಊಟ ಆಯ್ತಾ?' ಆದ ಮೇಲೆ ಅಜ್ಜ ಅಜ್ಜಿಗೆ ನಾಲ್ಕು ಪ್ರಶ್ನೆ ಕೇಳಿ. ಎಮರ್ಜೆನ್ಸಿ ಅಂದಾಗ ನಿಮಗೆ ಮೊದಲು ಏನು ನೆನಪಾಗುತ್ತದೆ? ನಿಮ್ಮ ಊರಿನಲ್ಲಿ ಯಾರಾದರೂ ಜೈಲಿಗೆ ಹೋಗಿದ್ದರೇ? ಆಗ ಪತ್ರಿಕೆಯಲ್ಲಿ ಏನು ಬರುತ್ತಿತ್ತು? ನಿಮಗೆ ಆಗ ಭಯ ಇತ್ತೇ, ಇಲ್ಲವೇ? ಕೆಲವರು ಆಗ ರೈಲು ಸರಿಯಾದ ಸಮಯಕ್ಕೆ ಬರುತ್ತಿತ್ತು, ಆಫೀಸಿನಲ್ಲಿ ಶಿಸ್ತು ಇತ್ತು ಎನ್ನಬಹುದು. ಕೆಲವರು ಅತ್ತುಬಿಡಬಹುದು. ವಾದ ಮಾಡಬೇಡಿ, ಅವರು ಹೇಳಿದ್ದನ್ನು ದಿನಾಂಕ ಹಾಕಿ ಕನ್ನಡದಲ್ಲೇ ಬರೆದಿಡಿ. ಅಪ್ಪ ಅಮ್ಮಂದಿರೇ, ನೀವು ಆಗ ಹುಟ್ಟಿಯೇ ಇರಲಿಲ್ಲ ಎಂದಾದರೆ ನೀವೂ ಪಕ್ಕದಲ್ಲಿ ಕುಳಿತು ಕೇಳಿ.

ರಜೆಗೆ ಬೆಂಗಳೂರಿಗೆ ಹೋದರೆ ಶೇಷಾದ್ರಿ ರಸ್ತೆಯಲ್ಲಿರುವ ಫ್ರೀಡಂ ಪಾರ್ಕಿಗೆ ಹೋಗಿ ಬನ್ನಿ. ಮೆಜೆಸ್ಟಿಕ್‌ನಿಂದ ಹತ್ತಿರ. ಹಳೆಯ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ ಆ ಜಾಗವನ್ನು ಉದ್ಯಾನ ಮಾಡಿದ್ದಾರೆ. ಜೈಲಿನ ಕೆಲವು ಭಾಗಗಳನ್ನು ಹಾಗೆಯೇ ಉಳಿಸಿದ್ದಾರೆ. ಈಗ ಬೆಂಗಳೂರಿನಲ್ಲಿ ಯಾರಾದರೂ ಸರ್ಕಾರದ ವಿರುದ್ಧ ಧರಣಿ ಕೂರಬೇಕಾದರೆ ಹೋಗುವುದು ಅಲ್ಲಿಗೇ. ವಾಜಪೇಯಿ, ದೇವೇಗೌಡ, ಸ್ನೇಹಲತಾ ಅವರನ್ನು ಸುಮ್ಮನಾಗಿಸಲು ಇಟ್ಟಿದ್ದ ಜಾಗದಲ್ಲಿ ಈಗ ಜನ ಮೈಕ್ ಹಿಡಿದು ಘೋಷಣೆ ಕೂಗುತ್ತಾರೆ. ನೀವು ಹೋದ ದಿನ ಅಲ್ಲಿ ಯಾರಾದರೂ ಕೂಗುತ್ತಿದ್ದರೆ ಒಂದು ನಿಮಿಷ ನಿಂತು, ಅವರು ಏನು ಕೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ.